ಗೇರ್ ಗುಂಡಿಗೆ ಸೀಸ ಅಂಟಿಸಿದ ಕಥೆ

ಹೋದ ವಾರ ನಮ್ಮ ಮೆಕ್ಯಾನಿಕ್ ಫೋನ್ ಮಾಡಿದ. ‘ಅಣ್ಣಾ, ನಿಮ್ಮ ಗಾಡಿಗೆ ಹಾಕ್ಸಿದ್ರಲ್ಲ ಆ ಗುಂಡು, ಅಂಥದ್ದೇ ನನಗೂ ಒಂದು ಮಾಡಿಸ್ಕೊಡ್ರಿ’ ಅಂದ. ಇದೇ ಮನುಷ್ಯ ಒಂದು ವರ್ಷದ ಹಿಂದೆ ಗ್ಯಾರೇಜಿನಲ್ಲಿ ನಾಲ್ಕು ಜನರ ಮುಂದೆ ‘ಗೇರ್ ಬಾಕ್ಸ್ ಬಿಟ್ಟು ಗುಂಡಿಗೆ ದುಡ್ಡು ಸುರಿಯೋರನ್ನ ಇವತ್ತೇ ನೋಡಿದ್ದು’ ಅಂತ ನಕ್ಕಿದ್ದ. ಗುಂಡು ಅಂದರೆ ಗೇರ್ ಲಿವರಿನ ತುದಿಯಲ್ಲಿ ಕೈಗೆ ಸಿಗೋ ನಾಬ್. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗಾಡಿ 2010ರ ಹೋಂಡಾ ಸಿಟಿ, 1.5 ಪೆಟ್ರೋಲ್, ಐದು ಗೇರು. ನಾನು ಸೆಕೆಂಡ್ ಹ್ಯಾಂಡ್ ತಗೊಂಡಾಗಲೇ ಲಕ್ಷ ಕಿಲೋಮೀಟರ್ ದಾಟಿತ್ತು. ಬೆಳಿಗ್ಗೆ ತಣ್ಣಗಿದ್ದಾಗ ಒಂದರಿಂದ ಎರಡಕ್ಕೆ ಹಾಕುವಾಗ ಒಂದು ತಡೆ. ಕಿರ್ ಅನ್ನುತ್ತಿರಲಿಲ್ಲ. ಸುಮ್ನೆ ಒಂದು ಕ್ಷಣ ಒಲ್ಲೆ ಅಂತ ನಿಂತು, ಆಮೇಲೆ ಒಳಗೆ ಹೋಗುತ್ತಿತ್ತು. ಗಾಡಿಯನ್ನು ಬೈಯಲ್ಲ, ಅದರ ವಯಸ್ಸು ಅಷ್ಟು. ಗೇರ್ ಆಯಿಲ್ ಬದಲಿಸಿದೆ, ಸಾವಿರದ ಮುನ್ನೂರೋ ನಾನೂರೋ ಆಯಿತು. ಅರ್ಧ ತಡೆ ಹೋಯಿತು. ಉಳಿದರ್ಧಕ್ಕೆ ಗೇರ್ ಬಾಕ್ಸ್ ಇಳಿಸಿ ಹೊಸ ಸಿಂಕ್ರೊ ರಿಂಗ್ (ಗೇರ್ ಬೀಳುವ ಮುಂಚೆ ಒಳಗಿನ ವೇಗ ಹೊಂದಿಸೋ ಬಳೆ) ಹಾಕಬೇಕು, ಇಪ್ಪತ್ತು ಸಾವಿರದ ಮೇಲೆ ಆಗುತ್ತೆ ಅಂದರು. ಕಿರ್ ಅನ್ನದ ಗೇರ್ ಬಾಕ್ಸಿಗೆ ಅಷ್ಟು ದುಡ್ಡು ಹಾಕೋಕೆ ನನಗೆ ಮನಸ್ಸಿರಲಿಲ್ಲ. ಮೇಲಾಗಿ ಹಳೇ ನಾಬಿನ ಚರ್ಮ ಸುಲಿದು ಬೇಸಿಗೆಯಲ್ಲಿ ಅಂಗೈಗೆ ಕಪ್ಪು ಅಂಟುತ್ತಿತ್ತು. ಹೇಗೂ ಬದಲಿಸಬೇಕಿತ್ತು.

ಭಾರದ ನಾಬ್ ಹಾಕಿದರೆ, ಒಮ್ಮೆ ತಳ್ಳಿದ ಮೇಲೆ ಆ ಭಾರದ ಜೋರಿಗೇ ಗೇರ್ ತಾನೇ ಜಾರಿಕೊಂಡು ಹೋಗುತ್ತೆ ಅನ್ನೋದು ಗಾಡಿ ಹುಚ್ಚಿರೋರಿಗೆಲ್ಲ ಗೊತ್ತಿರೋದೇ. ಎಷ್ಟು ಭಾರ ಅಂತ ಮಾತ್ರ ಯಾರೂ ಹೇಳಲ್ಲ. ನನ್ನ ದುಡ್ಡೆಲ್ಲ ಹೋಗಿದ್ದು ಅಲ್ಲೇ.

ಮೊದಲು ಆನ್‌ಲೈನ್‌ನಲ್ಲಿ ಎಲ್ಲ ಗಾಡಿಗೂ ಆಗುತ್ತೆ ಅನ್ನೋ ನಾಬ್ ತರಿಸಿದೆ. 450 ರೂಪಾಯಿ. ಜೊತೆಗೆ ಮೂರು ಪ್ಲಾಸ್ಟಿಕ್ ಬುಷ್ (ತೂತಿನೊಳಗೆ ಕೂರೋ ಬಳೆ), ಮೂರು ಪುಟ್ಟ ಗ್ರಬ್ ಸ್ಕ್ರೂ (ತಲೆ ಇಲ್ಲದ ಸ್ಕ್ರೂ), ಅದನ್ನು ತಿರುಗಿಸೋಕೆ ಒಂದು ಅಲೆನ್ ಕೀ. ಲಿವರ್ ರಾಡಿನ ತುದಿಯ ಥ್ರೆಡ್ಡಿನ (ತಿರುಪಿನ ಗೆರೆಗಳ) ಮೇಲೆ ಬುಷ್ ಕೂರಿಸಿ ಪಕ್ಕದಿಂದ ಸ್ಕ್ರೂ ಬಿಗಿಯೋದು. ಹತ್ತು ದಿನ ಚೆನ್ನಾಗಿತ್ತು. ಹನ್ನೊಂದನೇ ದಿನ ಚಿತ್ರದುರ್ಗಕ್ಕೆ ಹೋಗುವಾಗ, ಭರಮಸಾಗರದ ಹತ್ತಿರ ಲಾರಿ ದಾಟಿಸಲು ನಾಲ್ಕರಿಂದ ಮೂರಕ್ಕೆ ತಳ್ಳಿದೆ. ಗೇರ್ ನಾಲ್ಕರಲ್ಲೇ ಇತ್ತು, ನಾಬ್ ನನ್ನ ಕೈಯಲ್ಲಿತ್ತು. ಪಕ್ಕದಲ್ಲಿ ಕೂತಿದ್ದ ಭಾವ ‘ಸ್ಟೇರಿಂಗ್ ಆದ್ರೂ ಗಟ್ಟಿ ಐತೇನ್ರೀ?’ ಅಂದರು. ಆ ಮಾತು ಇವತ್ತಿಗೂ ಮನೆಯಲ್ಲಿ ಓಡುತ್ತಿದೆ. ಬುಷ್, ಗ್ರಬ್ ಸ್ಕ್ರೂ ಇರೋ ನಾಬ್ ಬಿಟ್ಟಿ ಕೊಟ್ಟರೂ ತಗೋಬೇಡಿ. ಸ್ಕ್ರೂ ತುದಿ ರಾಡಿನ ಥ್ರೆಡ್ಡನ್ನೂ ತಿನ್ನುತ್ತದೆ.

ಎರಡನೆಯದು ಬೆಂಗಳೂರಿನ ಅಂಗಡಿಯೊಂದರಿಂದ ತಂದ ಸ್ಟೀಲ್ ಗುಂಡು. 1,800 ಕೊಟ್ಟೆ. ಕನ್ನಡಿ ಥರ ಹೊಳಪು. ಥ್ರೆಡ್ ಸರಿಯಾಗಿ ಕೂತಿತು. ಅಡ್ಡಳತೆ 50 ಮಿಲಿಮೀಟರ್, ತೂಕ ಅರ್ಧ ಕಿಲೋ. ಮೊದಲ ದಿನ ‘ಆಹಾ’ ಅನ್ನಿಸಿತು. ಎರಡನೇ ಗೇರಿನ ತಡೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆದರೆ ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡಿ ನಿಂತರೆ ಲಿವರ್ ಮುದುಕರ ತಲೆ ಹಾಗೆ ಅಲ್ಲಾಡುತ್ತಿತ್ತು. ಇಂಜಿನ್ ಒಂದು ವೇಗಕ್ಕೆ ಬಂದಾಗ ಲಿವರ್ ಬುಡಕ್ಕೆ ಹೊದಿಸಿರೋ ಚೀಲ, ಅಂದರೆ ಬೂಟು, ಅದರೊಳಗಿಂದ ಝುಂಯ್ ಅಂತ ಸದ್ದು. ಹಂಪ್ ಹಾರಿದರೆ ಲಿವರ್ ಕೂಡ ಹಾರುತ್ತಿತ್ತು.

ಅದೂ ಸಹಿಸಬಹುದಿತ್ತು. ಏಪ್ರಿಲ್ ಬಂತು. ದಾವಣಗೆರೆ ಏಪ್ರಿಲ್ ನಿಮಗೆ ಹೇಳಬೇಕಾಗಿಲ್ಲ. ಎಪಿಎಂಸಿ ಹತ್ತಿರ ಬಿಸಿಲಿಗೆ ಗಾಡಿ ನಿಲ್ಲಿಸಿ ಒಂದು ಗಂಟೆ ಬಿಟ್ಟು ಬಂದೆ. ಗುಂಡಿನ ಮೇಲೆ ಕೈ ಇಟ್ಟೆ, ಬೆಣ್ಣೆ ದೋಸೆ ಹಂಚಿನ ಮೇಲೆ ಇಟ್ಟ ಹಾಗಾಯಿತು. ಆಮೇಲೆ ಎರಡು ವಾರ ಮಗನ ಸ್ಕೂಲ್ ಸಾಕ್ಸ್ ತೊಡಿಸಿ ಓಡಿಸಿದೆ. ನೋಡಿದವರೆಲ್ಲ ಕೇಳುವವರೇ. ಕೊನೆಗೆ ಬಿಚ್ಚಿ ಇಟ್ಟೆ. ಈಗ ಅದು ನಮ್ಮ ಮನೆಯಲ್ಲಿ ಪೇಪರ್ ಹಾರದ ಹಾಗೆ ಇಡೋ ಗುಂಡು.

ಮೂರನೇ ಸಲ, ಊರಲ್ಲೇ ಮಾಡಿಸೋಣ ಅಂತ ಒಂದು ಲೇತ್ (ಲೋಹ ತಿರುಗಿಸಿ ಕಡೆಯೋ ಯಂತ್ರ) ಅಂಗಡಿಗೆ ಹೋದೆ. ಅಲ್ಯೂಮಿನಿಯಂ ತುಂಡು ಕೊಟ್ಟು, ಎಂ10 ಥ್ರೆಡ್, ಅಂದರೆ ಹತ್ತು ಮಿಲಿಮೀಟರ್ ದಪ್ಪದ್ದು, ಅಂದೆ. ಪಿಚ್, ಅಂದರೆ ಥ್ರೆಡ್ಡಿನ ಒಂದು ಗೆರೆಯಿಂದ ಇನ್ನೊಂದಕ್ಕಿರೋ ದೂರ, ಹೇಳಲಿಲ್ಲ, ಅದು ನನ್ನ ತಪ್ಪು. ಅಲ್ಲಿನ ಹುಡುಗ 1.25 ಮಿಲಿಮೀಟರ್ ಪಿಚ್ಚಿನ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯೋ ಸಾಧನ) ಓಡಿಸಿದ. ಹೋಂಡಾ ರಾಡಿಗೆ 1.5 ಬೇಕು. ಎರಡೂವರೆ ಸುತ್ತು ಹೋಗಿ ನಿಂತಿತು. ಬಿಗಿ ಇದೆ ಅಂದುಕೊಂಡು ಬಟ್ಟೆ ಸುತ್ತಿ ಪೈಪ್ ರೆಂಚ್ ಹಾಕಿದೆ. ಅರ್ಧ ಸುತ್ತು ಹೋಯಿತು, ರಾಡಿನ ಮೇಲಿನ ಮೂರು ಥ್ರೆಡ್ಡೂ ಅದರ ಜೊತೆ ಹೋದವು. ರಾಡಿಗೆ ಡೈ (ಹೊರಮೈಗೆ ಥ್ರೆಡ್ ಕೊರೆಯೋ ಸಾಧನ) ಓಡಿಸಿ ಸರಿ ಮಾಡಿಸಲು 150, ನಾಬ್ ಕೆಲಸಕ್ಕೆ 400. ನಾಬ್ ಗುಜರಿಗೆ.

ಇಲ್ಲಿ ಒಂದು ಅಗ್ಗದ ಉಪಾಯ ಹೇಳ್ತೀನಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗೋ ಸಾಮಾನ್ಯ ಎಂ10 ನಟ್ಟಿನ ಪಿಚ್ 1.5. ಐದು ರೂಪಾಯಿಗೆ ಒಂದು ತಗೊಂಡು ನಿಮ್ಮ ರಾಡಿಗೆ ಬೆರಳಲ್ಲೇ ತಿರುಗಿಸಿ. ಕೆಳತನಕ ಸಲೀಸಾಗಿ ಇಳಿದರೆ ನಿಮ್ಮದೂ ಅದೇ. ಎರಡು ಸುತ್ತಿಗೆ ನಿಂತರೆ ಬೇರೆ. ರೆಂಚ್ ಮುಟ್ಟಬೇಡಿ.

ಆಮೇಲೆ ಸ್ವಲ್ಪ ದಿನ ತಲೆ ಕೆಟ್ಟಿತ್ತು ಅಂತಲೇ ಹೇಳಬೇಕು. ಬಡಗಿ ಹತ್ತಿರ ತೇಗದಲ್ಲಿ ಒಂದು ಮಾಡಿಸಿದೆ. ಹಿಡಿಯೋಕೆ ಅದರಷ್ಟು ಚಂದ ಯಾವುದೂ ಇರಲಿಲ್ಲ, ಬಿಸಿಲಿಗೂ ಕಾಯಲ್ಲ. ಆದರೆ ತೂಕ ಐವತ್ತು ಗ್ರಾಂ ಇರಲಿಲ್ಲ. ಎರಡನೇ ಗೇರ್ ಮೊದಲಿಗಿಂತ ಜಾಸ್ತಿ ಹಟ ಮಾಡಿತು. ಮರದಲ್ಲೇ ಥ್ರೆಡ್ ಕೊರೆದಿದ್ದರಿಂದ ತಿಂಗಳಲ್ಲಿ ಸೀಳಿತು. ನಂತರ ಮಗನ ಕ್ರಿಕೆಟ್ ಚೆಂಡು. ನಗಬೇಡಿ. ಚೆಂಡಿನ ತೂಕ 156ರಿಂದ 163 ಗ್ರಾಂ ಒಳಗೇ ಇರುತ್ತೆ, ಲೆಕ್ಕಕ್ಕೆ ಒಳ್ಳೇದು ಅಂತ ತೂತು ಕೊರೆದು ಒಳಗೆ ಉದ್ದದ ನಟ್ ಕೂರಿಸಿದೆ. ತೂಕ ಪರವಾಗಿಲ್ಲ, ಆದರೆ ದಪ್ಪ ಏಳು ಸೆಂಟಿಮೀಟರ್ ಮೇಲೆ. ಕೈ ಬಿಚ್ಚಿಕೊಂಡೇ ಓಡಿಸಬೇಕು. ಮಗ ಒಂದು ವಾರ ಮಾತಾಡಲಿಲ್ಲ. ಹೊಸ ಚೆಂಡಿಗೆ ಕೊಟ್ಟ ದುಡ್ಡನ್ನೂ ಈ ಲೆಕ್ಕಕ್ಕೇ ಸೇರಿಸಿಕೊಳ್ಳಿ.

ದಾರಿ ಸಿಕ್ಕಿದ್ದು ಟೈರ್ ಅಂಗಡಿಯಲ್ಲಿ. ಪಿ.ಬಿ. ರಸ್ತೆಯಲ್ಲಿ ವ್ಹೀಲ್ ಬ್ಯಾಲೆನ್ಸಿಂಗ್ ಮಾಡಿಸ್ತಾ ನಿಂತಿದ್ದೆ. ಹುಡುಗ ಅಂಟು ಪಟ್ಟಿಯಿಂದ ಐದು ಗ್ರಾಂ, ಹತ್ತು ಗ್ರಾಂ ಸೀಸದ ತುಂಡು ಮುರಿದು ರಿಮ್ಮಿಗೆ ಅಂಟಿಸುತ್ತಿದ್ದ. ಇಷ್ಟು ದಿನ ನಾಬ್ ಕೊಂಡು ತೂಕ ನೋಡ್ತಿದ್ದೆ, ಮೊದಲು ತೂಕ ಹುಡುಕಿ ಆಮೇಲೆ ನಾಬ್ ಮಾಡಿಸಿದರೆ? ಕಿತ್ತು ಬಿಸಾಕಿದ ಹಳೇ ತೂಕ ಒಂದು ಬಕೆಟ್ ತುಂಬ ಇದ್ದವು. ಟೀಗೆ ಇಪ್ಪತ್ತು ರೂಪಾಯಿ ಕೊಟ್ಟು ಒಂದು ಮುಷ್ಟಿ ತಂದೆ.

ಸುಲಿದ ಹಳೇ ನಾಬನ್ನೇ ಮತ್ತೆ ಹಾಕಿದೆ. ಅದರ ತೂಕ 90 ಗ್ರಾಂ ಆಸುಪಾಸು, ಮಂಡಿಪೇಟೆಯ ಪರಿಚಯದ ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿದ್ದು. ‘ಇದನ್ನೂ ಮಾರೋಕೆ ತಂದ್ರಾ?’ ಅಂತ ಆತ ಕೇಳಿದ. ಮೊದಲು ಸೀಸದ ತುಂಡುಗಳನ್ನು ನಾಬಿನ ಕೆಳಗೆ, ರಾಡಿಗೆ ಸುತ್ತಿ ಟೇಪ್ ಹಾಕಿದೆ. 120 ಗ್ರಾಂ ಸುತ್ತಿದರೂ ಏನೂ ಗೊತ್ತಾಗಲಿಲ್ಲ. ವಿಧಾನವೇ ಸುಳ್ಳು ಅಂತ ಕೈಬಿಡುವುದರಲ್ಲಿದ್ದೆ. ಆಮೇಲೆ ಹೊಳೆಯಿತು, ಭಾರ ಮೇಲೆ ಹೋದಷ್ಟೂ ಕೆಲಸ ಮಾಡುತ್ತೆ. ಅದೇ ತುಂಡುಗಳನ್ನು ನಾಬಿನ ಮೈಗೇ ಅಂಟಿಸಿ ಬಟ್ಟೆ ಟೇಪ್ ಸುತ್ತಿದೆ. ನೋಡೋಕೆ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗಿತ್ತು. ಸೀಸ ಮುಟ್ಟಿದ ಕೈಯಲ್ಲಿ ತಿಂಡಿ ತಿನ್ನಬೇಡಿ, ತೊಳೀರಿ.

60 ಗ್ರಾಂಗೆ ಏನೂ ಇಲ್ಲ. 120ಕ್ಕೆ ಬೆಳಗಿನ ತಡೆ ಕಮ್ಮಿ. 180ಕ್ಕೆ, ಅಂದರೆ ನಾಬ್ ಸೇರಿ 270ಕ್ಕೆ, ಎರಡು ಬೆರಳಲ್ಲಿ ಗೇರ್ ಬಿತ್ತು. ಆಸೆ ಬಿಡಲಿಲ್ಲ, 300 ಹಾಕಿದೆ. ಒಟ್ಟು 390 ಆದಾಗ ನ್ಯೂಟ್ರಲ್ಲಿನಲ್ಲಿ ಮತ್ತೆ ತಲೆ ಅಲ್ಲಾಡಿಸಲು ಶುರು. ಹತ್ತತ್ತು ಗ್ರಾಂ ಕೀಳುತ್ತಾ ಬಂದೆ. 270ಕ್ಕಿಂತ ಒಂಚೂರು ಕೆಳಗೆ ನನ್ನ ಗಾಡಿಗೆ ಸರಿಯಾಗಿ ಕೂತಿತು. ಪ್ರತಿ ತೂಕಕ್ಕೂ ಮೂರು ಬೆಳಗು ಕೊಟ್ಟೆ, ಒಂದೇ ದಿನದಲ್ಲಿ ತೀರ್ಮಾನ ಮಾಡಿದರೆ ಮನಸ್ಸು ಮೋಸ ಮಾಡುತ್ತೆ. ಕೊನೆಗೆ ಚಿತ್ರದುರ್ಗದ ಜೋಗಿಮಟ್ಟಿ ಏರಿಗೆ ಒಯ್ದೆ. ಅಲ್ಲಿ ಬರೀ ಎರಡು-ಮೂರರ ನಡುವೆ ಆಟ. ಇಳಿದು ಬಂದಾಗ ಭಾವ ಕೂಡ ‘ಈಗ ಪರವಾಗಿಲ್ಲ ಬಿಡ್ರಿ’ ಅಂದರು.

ಎತ್ತರದ ಮೇಲೂ ಒಂದು ವಾರ ಹೋಯಿತು. ಎಂ10 ಬೋಲ್ಟ್ ತಲೆ ಕತ್ತರಿಸಿ, ಉದ್ದದ ನಟ್ ಹಾಕಿ ನಾಬನ್ನು 30 ಮಿಲಿಮೀಟರ್ ಎತ್ತರಿಸಿದೆ. ಹಗುರಾಯಿತು, ನಿಜ. ಆದರೆ ಐದಕ್ಕೆ ಹಾಕಬೇಕಾದರೆ ಕೈ ಎಲ್ಲೋ ಹೋಗಬೇಕು, ಮೂರಕ್ಕೆ ಹಾಕಿದಾಗ ಬೆರಳ ಗೆಣ್ಣು ಎಸಿ ಗುಂಡಿಗೆ ಬಡಿಯುತ್ತಿತ್ತು. ಕೆಳಗಿಳಿಸಿದರೆ ಕೈ ಓಡಬೇಕಾದ ದೂರ ಚಿಕ್ಕದು, ಹಾಕಬೇಕಾದ ಬಲ ಜಾಸ್ತಿ. ಮೂಲಕ್ಕಿಂತ 10 ಮಿಲಿಮೀಟರ್ ಎತ್ತರಕ್ಕೆ ನಿಂತೆ.

ತೂಕ, ಎತ್ತರ ಎರಡೂ ಚೀಟಿಯಲ್ಲಿ ಬರಕೊಂಡು ಹರಿಹರಕ್ಕೆ ಹೋದೆ. ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಕಾಲದಲ್ಲಿ ಲೇತ್‌ಗಳನ್ನೇ ತಯಾರು ಮಾಡುತ್ತಿದ್ದರು. ಕಾರ್ಖಾನೆ ಮುಚ್ಚಿದರೂ ಆ ಕೈಗಳು ಊರಲ್ಲಿ ಉಳಿದಿವೆ. ಅಲ್ಲಿ ಕೆಲಸ ಮಾಡಿದ ಅಜ್ಜ ಒಬ್ಬರು ಮನೆ ಹಿಂದಿನ ಶೆಡ್ಡಿನಲ್ಲಿ ಒಂದು ಹಳೇ ಲೇತ್ ಇಟ್ಟುಕೊಂಡಿದ್ದಾರೆ. ಚೀಟಿ ನೋಡಿ, ‘ತಮ್ಮಾ, ತೂಕ ಬರ್ಕೊಂಡು ಬಂದ ಗಿರಾಕಿ ನೀನೇ ಮೊದಲು’ ಅಂದರು. ನನಗೆ ಅಷ್ಟೇ ಸಾಕಾಗಿತ್ತು.

ಒಳಗೆ ಹಿತ್ತಾಳೆ, ಹೊರಗೆ ಕಪ್ಪು ಡೆಲ್ರಿನ್ (ಒಂದು ಥರದ ಗಟ್ಟಿ ಪ್ಲಾಸ್ಟಿಕ್). ಡೆಲ್ರಿನ್ ಬಿಸಿಲಿಗೆ ಕೈ ಸುಡಲ್ಲ, ಆದರೆ ಹಗುರ. 50 ಮಿಲಿಮೀಟರ್ ಗುಂಡನ್ನು ಪೂರ್ತಿ ಅದರಲ್ಲೇ ಮಾಡಿದರೆ 90 ಗ್ರಾಂ ಬರುತ್ತೆ, ಹಿತ್ತಾಳೆಯಲ್ಲೇ ಮಾಡಿದರೆ 550. ನಡುವೆ ಎಲ್ಲಿ ನಿಲ್ಲಬೇಕೋ ಅದನ್ನು ಹಿತ್ತಾಳೆಯ ದಪ್ಪ ತೀರ್ಮಾನಿಸುತ್ತೆ. ನಮ್ಮದು 28 ಮಿಲಿಮೀಟರ್ ದಪ್ಪ, 40ರಷ್ಟು ಉದ್ದ. ಎಂಟೂವರೆ ಮಿಲಿಮೀಟರ್ ಡ್ರಿಲ್, ಅದರ ಮೇಲೆ 1.5ರ ಟ್ಯಾಪ್. ಈ ಸಲ ಟ್ಯಾಪಿನ ಮೇಲೆ ಬರೆದಿದ್ದನ್ನು ನಾನೇ ಕನ್ನಡಕ ಹಾಕಿ ಓದಿದೆ. ಮೇಲೆ ಗುಂಡು, ಕೆಳಗೆ ಸ್ವಲ್ಪ ಉದ್ದ, ಮಾವಿನಕಾಯಿ ತೊಟ್ಟಿನ ಕಡೆ ಇದ್ದ ಹಾಗೆ. ಮೊದಲನೆಯದು 285 ಬಂತು, ಅಜ್ಜ ಮತ್ತೆ ಲೇತಿಗೆ ಹಾಕಿ ಸ್ವಲ್ಪ ಕಡೆದು ತೆಗೆದರು. 262ಕ್ಕೋ 264ಕ್ಕೋ ನಿಲ್ಲಿಸಿದೆವು.

ಡೆಲ್ರಿನ್ ಯಾವ ಅಂಟಿಗೂ ಸರಿಯಾಗಿ ಹಿಡಿಯಲ್ಲ. ಹಾಗಿದ್ದರೆ ಒಳಗಿನ ಹಿತ್ತಾಳೆ ತಿರುಗದ ಹಾಗೆ ಹೇಗೆ ಕೂರಿಸಿದರು ಅಂತ ಕೇಳ್ತೀರಿ. ಅದು ಅಜ್ಜನ ಗುಟ್ಟು, ಬರೆಯಲ್ಲ ಅಂತ ಮಾತು ಕೊಟ್ಟಿದ್ದೇನೆ. ಚೆಕ್‌ನಟ್ (ನಾಬ್ ಸಡಿಲ ಆಗದ ಹಾಗೆ ಕೆಳಗಿಂದ ಬಿಗಿಯೋ ನಟ್) ಕಾಣದ ಹಾಗೆ, ಗೇರ್ ನಂಬರ್ ನೇರವಾಗಿ ಮುಖಕ್ಕೆ ಬರೋ ಹಾಗೆ ಮಾಡಿದ್ದು ಮಾತ್ರ ನನ್ನ ಗುಟ್ಟು. ಅದನ್ನೂ ಬರೆಯಲ್ಲ. ಹೋದ ಸಲ ಒಬ್ಬರಿಗೆ ಹೇಳಿದ್ದೆ, ವಾರದಲ್ಲೇ ತಮ್ಮದೇ ಐಡಿಯಾ ಅಂತ ಊರೆಲ್ಲ ಹೇಳಿಕೊಂಡು ಬಂದರು.

ಖರ್ಚು ಹೇಳಿಬಿಡ್ತೀನಿ. ಗುಜರಿ ಅಂಗಡಿಯ ಹಿತ್ತಾಳೆ ತುಂಡು 250 ಹತ್ತಿರ, ಡೆಲ್ರಿನ್ ರಾಡ್ 200, ಅಜ್ಜ ಕೂಲಿ ಅಂತ 350 ಕೇಳಿದರು, ಐನೂರು ಕೊಟ್ಟೆ. ಸೇರಿ ಸಾವಿರದೊಳಗೆ. ಅದಕ್ಕಿಂತ ಮೊದಲು ನೀರಿಗೆ ಹಾಕಿದ್ದು ಚೆಂಡು, ತೇಗ, ಪೆಟ್ರೋಲ್ ಎಲ್ಲ ಸೇರಿ ನಾಲ್ಕು ಸಾವಿರದ ಮೇಲೆ. ಮನೆಯಲ್ಲಿ ಈ ಎರಡನೇ ಲೆಕ್ಕ ಗೊತ್ತಿಲ್ಲ.

ಎಂಟು ತಿಂಗಳಾಯಿತು, ಸಡಿಲ ಆಗಿಲ್ಲ. ಬೂಟಿನ ಮೇಲ್ತುದಿ ಮಾತ್ರ ಹೊಸ ನಾಬಿಗೆ ಹಿಡಿಯದೆ ಜಾರುತ್ತಿತ್ತು, ಒಳಗಿಂದ ಕೇಬಲ್ ಟೈ ಹಾಕಿದ್ದೇನೆ. ಚಳಿಗೆ ಅದು ಕಿಚ್ ಕಿಚ್ ಅನ್ನುತ್ತೆ, ಇನ್ನೂ ಸರಿ ಮಾಡಿಲ್ಲ. ಒಂದು ಮಾತು, ನಿಮ್ಮ ಗೇರ್ ಕಿರ್ ಅಂತ ಅರಚುತ್ತಿದ್ದರೆ ಗುಂಡಿನಿಂದ ಏನೂ ಆಗಲ್ಲ, ಗೇರ್ ಬಾಕ್ಸನ್ನೇ ಇಳಿಸಬೇಕು. ಆ ವಿಷಯದಲ್ಲಿ ಮೆಕ್ಯಾನಿಕ್ ಹೇಳಿದ್ದು ಸರಿ.

ಅವನದು ಹಳೇ ಹ್ಯುಂಡೈ ಐ20 ಕಾರು. ರಿವರ್ಸ್ ಹಾಕಲು ನಾಬಿನ ಕೆಳಗಿನ ರಿಂಗ್ ಎತ್ತಬೇಕು. ಹಾಗಾಗಿ ನನ್ನ ಅಳತೆ ಅವನಿಗೆ ಆಗಲ್ಲ, ರಿಂಗಿಗೆ ಜಾಗ ಬಿಟ್ಟು ಬೇರೆಯೇ ಮಾಡಿಸಬೇಕು. ಮೊದಲು ತೂಕ ಹುಡುಕು ಅಂತ ಉಳಿದಿದ್ದ ಸೀಸ ಕೊಟ್ಟು ಕಳಿಸಿದೆ. ಮೂರು ದಿನದಿಂದ ನಾಬಿಗೆ ಪಟ್ಟಿ ಕಟ್ಟಿಕೊಂಡು ಊರಲ್ಲಿ ಓಡಾಡುತ್ತಿದ್ದಾನೆ. 300 ದಾಟಿಸಬೇಡ ಅಂದಿದ್ದೆ. ನಿನ್ನೆ ಫೋನಿನಲ್ಲಿ ‘ಅಣ್ಣಾ, ಲಿವರ್ ಯಾಕೋ ತಲೆ ಅಲ್ಲಾಡಿಸ್ತೈತಿ’ ಅಂದ.