ಮುಖ ನೋಡದ ಗೆಳೆಯರ ಜೊತೆ ಸೇರಿ ಒಂದು ಕೊಲೆ ಮಾಡುವುದು ಹೇಗೆ

ರಾತ್ರಿ ಹನ್ನೊಂದೂವರೆಗೆ ನನ್ನ ಫೋನ್ ಸದ್ದು ಮಾಡಿತು. "ಹೆಣ ಎಷ್ಟು ಗಟ್ಟಿಯಾಗಿರಬೇಕು? ಬೇಗ ಹೇಳಿ, ಬೆಳಿಗ್ಗೆಯೊಳಗೆ ಮುಗಿಸಬೇಕು." ಪಕ್ಕದಲ್ಲಿದ್ದ ಹೆಂಡತಿ ಅದನ್ನು ಓದಿಬಿಟ್ಟಳು. ಆಮೇಲೆ ಅರ್ಧ ಗಂಟೆ ನನ್ನ ವಿಚಾರಣೆ ನಡೆಯಿತು.

ನಾವು ಆರು ಜನ. ಪತ್ತೇದಾರಿ ಕತೆಯ ಹುಚ್ಚೊಂದು ಬಿಟ್ಟರೆ ಒಬ್ಬರಿಗೊಬ್ಬರಿಗೆ ಹೋಲಿಕೆಯೇ ಇಲ್ಲ. ಒಬ್ಬರು ನರ್ಸ್, ಒಬ್ಬರು ರಿಟೈರಾದ ಮೇಷ್ಟ್ರು, ಒಬ್ಬರು ಲೆಕ್ಕಪತ್ರ ನೋಡುವವರು, ಒಬ್ಬಳು ಕಾಲೇಜು ಹುಡುಗಿ, ಮತ್ತೆ ನಾನು. ಆರನೆಯವರು ಸಿಕ್ಕಿದ್ದೆಲ್ಲ ಓದುತ್ತಾರೆ, ಆದರೆ ಒಂದು ಸಾಲೂ ಬರೆಯಲ್ಲ. ಯಾರೂ ಯಾರನ್ನೂ ಎದುರಿಗೆ ಕಂಡವರಲ್ಲ.

ಆನ್‌ಲೈನಿನಲ್ಲಿ ಇಂಥ ಗೆಳೆಯರು ಸಿಗುವುದು ಕಷ್ಟವಿಲ್ಲ, ಉಳಿಯುವುದು ಕಷ್ಟ. ಎರಡು ವಾರ "ಯಾವ ಪುಸ್ತಕ ಚೆನ್ನಾಗಿದೆ" ಅಂತ ಮಾತು ನಡೆಯುತ್ತದೆ. ಆಮೇಲೆ ಬರೀ ಗುಡ್ ಮಾರ್ನಿಂಗ್ ಚಿತ್ರಗಳು. ಗುಂಪಿಗೆ ಒಂದು ಕೆಲಸ ಬೇಕು. ನಾವು ಹಿಡಿದ ಕೆಲಸ, ಒಬ್ಬರಾದ ಮೇಲೆ ಒಬ್ಬರು ಅಧ್ಯಾಯ ಬರೆದು ಒಂದು ಕೊಲೆ ಕತೆ ಮುಗಿಸುವುದು. ನಿಮಗೂ ಮಾಡಬೇಕೆನಿಸಿದರೆ ನಾವು ಎಡವಿದ ಜಾಗಗಳನ್ನು ಹೇಳುತ್ತೇನೆ.

ಬರೆಯುವವರು ಐದಕ್ಕಿಂತ ಜಾಸ್ತಿ ಬೇಡ. ಒಬ್ಬರಿಗೆ ಒಂದು ವಾರ, ಒಂದೂವರೆ ಸಾವಿರ ಪದ. ಐದು ಜನ ಎರಡು ಸುತ್ತು ಬರೆದರೆ ಹತ್ತು ಅಧ್ಯಾಯ. ಹತ್ತು ಜನ ಸೇರಿದರೆ ನಿಮ್ಮ ಸರದಿ ಮತ್ತೆ ಬರುವಷ್ಟರಲ್ಲಿ ಸತ್ತವನು ಯಾರೆಂದು ನಿಮಗೇ ಮರೆತಿರುತ್ತದೆ.

ನಮ್ಮ ಮೊದಲ ಕತೆ ಅರ್ಧಕ್ಕೆ ಸತ್ತಿತು. ತಪ್ಪು ನನ್ನದೇ. ಮೂರನೇ ಅಧ್ಯಾಯದಲ್ಲಿ ಒಲೆಯೊಳಗೆ ಅರ್ಧ ಸುಟ್ಟ ಕಾಗದವೊಂದನ್ನು ಇಟ್ಟುಬಿಟ್ಟೆ. ಅದರಲ್ಲಿ ಏನಿತ್ತು, ಯಾರು ಸುಟ್ಟರು, ನನಗೂ ಗೊತ್ತಿರಲಿಲ್ಲ. ಸುಮ್ನೆ ಚೆನ್ನಾಗಿ ಕಾಣುತ್ತೆ ಅಂತ ಇಟ್ಟಿದ್ದೆ. ನಾಲ್ಕನೇ ಅಧ್ಯಾಯ ಮೇಷ್ಟ್ರದ್ದು. ಹತ್ತು ದಿನ ಒದ್ದಾಡಿದರು. ಆಮೇಲೆ "ನಿಮ್ಮ ಕಾಗದ ನೀವೇ ಓದಿಕೊಳ್ಳಿ" ಎಂದು ಬರೆದು ಸುಮ್ಮನಾದರು.

ಇದಕ್ಕೆ ಮದ್ದು ಹಳೆಯ ಕಾಲದವರ ಹತ್ತಿರವೇ ಇತ್ತು. 1930ರಲ್ಲಿ ಲಂಡನ್ನಿನಲ್ಲಿ ಪತ್ತೇದಾರಿ ಬರಹಗಾರರು ಸೇರಿ ಡಿಟೆಕ್ಷನ್ ಕ್ಲಬ್ ಕಟ್ಟಿದರು. ಚೆಸ್ಟರ್ಟನ್ ಮೊದಲ ಅಧ್ಯಕ್ಷರು. ಅಗಾಥಾ ಕ್ರಿಸ್ಟಿ, ಡೊರೊಥಿ ಸೇಯರ್ಸ್ ಸದಸ್ಯರು. ದೈವವಾಣಿಯಿಂದಲೋ ಆಕಸ್ಮಿಕದಿಂದಲೋ ಕೊಲೆ ಪತ್ತೆ ಮಾಡಿಸುವುದಿಲ್ಲ, ಮುಖ್ಯ ಸುಳಿವನ್ನು ಓದುಗರಿಂದ ಮುಚ್ಚಿಡುವುದಿಲ್ಲ ಎಂದು ಹೊಸಬರು ಪ್ರಮಾಣ ಮಾಡಬೇಕಿತ್ತು. ಅದಕ್ಕೆ ಒಂದು ತಲೆಬುರುಡೆ ಬೇರೆ, ಅದಕ್ಕೆ ಎರಿಕ್ ಅಂತ ಹೆಸರು! ಇವರೆಲ್ಲ 1931ರಲ್ಲಿ ಅಧ್ಯಾಯಕ್ಕೊಬ್ಬರಂತೆ 'ದಿ ಫ್ಲೋಟಿಂಗ್ ಅಡ್ಮಿರಲ್' ಬರೆದರು. ಅದರ ನಿಯಮ ಚೆನ್ನಾಗಿದೆ. ನೀವು ಏನೇ ತೊಡಕು ತಂದರೂ ಅದಕ್ಕೊಂದು ಉತ್ತರ ನಿಮ್ಮ ತಲೆಯಲ್ಲಿ ಇರಬೇಕು. ಬರೀ ಮುಂದಿನವರನ್ನು ಸಿಕ್ಕಿಸಲು ತೊಡಕು ಹಾಕುವಂತಿಲ್ಲ. ಆ ಉತ್ತರವನ್ನು ಅಧ್ಯಾಯದ ಜೊತೆಗೇ ಬರೆದು ಕೊಡಬೇಕು. ಕೊನೆಯ ಅಧ್ಯಾಯ ಆಂಥನಿ ಬರ್ಕ್‌ಲಿ ಅವರ ಪಾಲಿಗೆ ಬಂತು. ಅದಕ್ಕೆ ಅವರು ಕೊಟ್ಟ ಹೆಸರಿನ ಅರ್ಥ, ರಾಡಿ ತೊಳೆಯುವುದು.

ಎರಡನೇ ಕತೆಗೆ ನಾವೂ ಇದನ್ನೇ ಹಿಡಿದೆವು. ಬರೆಯದ ಆ ಆರನೆಯವರು ಗುಟ್ಟು ಕಾಯುವವರು. ಪ್ರತಿಯೊಬ್ಬರೂ ಅಧ್ಯಾಯವನ್ನು ಗುಂಪಿಗೆ, ಉತ್ತರವನ್ನು ಅವರಿಗೆ ಮೇಲ್‌ನಲ್ಲಿ ಕಳಿಸಬೇಕು. ಮೇಲ್‌ನ ವಿಷಯದ ಸಾಲಿನಲ್ಲಿ ಅಧ್ಯಾಯದ ಸಂಖ್ಯೆ ಮಾತ್ರ. ಕತೆ ಮುಗಿಯುವವರೆಗೆ ಅವರೂ ತೆರೆಯುವಂತಿಲ್ಲ. ಉತ್ತರ ಬರೆಯಲು ಕೂತಾಗಲೇ ಸುಟ್ಟ ಕಾಗದದಂಥವು ತಾನಾಗಿ ಉದುರಿಹೋಗುತ್ತವೆ.

ಜೊತೆಗೆ ಎಲ್ಲರೂ ತಿದ್ದಬಹುದಾದ ಒಂದು ಶೀಟ್ ಇಡಿ. ಎಷ್ಟು ಗಂಟೆಗೆ, ಯಾರು, ಎಲ್ಲಿ, ಕೈಯಲ್ಲಿ ಏನಿತ್ತು, ಅದನ್ನು ಕಂಡವರು ಯಾರು, ಇಷ್ಟು ಸಾಕು. ಬೇಜಾರಿನ ಕೆಲಸ, ನಿಜ. ಆದರೆ ನಮ್ಮ ಕತೆಯ ಅತಿ ಒಳ್ಳೆಯ ತಿರುವು ಸಿಕ್ಕಿದ್ದು ಇದರಿಂದಲೇ. ಎರಡನೇ ಅಧ್ಯಾಯದಲ್ಲಿ ಲೆಕ್ಕದವರು ಗಡಿಯಾರ ರಿಪೇರಿಯವನೊಬ್ಬನನ್ನು ತಂದಿದ್ದರು. ಅವನು ಕೆಲಸಕ್ಕೆ ಕೂತಾಗ ಮಾತ್ರ ಚಾಳೀಸು ಹಾಕುತ್ತಾನೆ. ಐದನೇ ಅಧ್ಯಾಯದಲ್ಲಿ ಹುಡುಗಿ ಅವನ ಬಾಯಲ್ಲಿ "ಕನ್ನಡಕ ಇರಲಿಲ್ಲ ಸಾರ್, ರಸ್ತೆಯಾಚೆ ನಿಂತಿದ್ದವರ ಮುಖ ಕಾಣಿಸಲಿಲ್ಲ" ಎಂದು ಹೇಳಿಸಿದಳು. ಶೀಟ್ ತುಂಬಿಸುವಾಗ ಲೆಕ್ಕದವರು ಹಿಡಿದರು: "ಅಮ್ಮಾ, ನಾನೂ ಚಾಳೀಸು ಹಾಕುವವನೇ. ಅದು ಹತ್ತಿರದ್ದು ಓದೋಕೆ. ದೂರದ್ದು ನನಗೆ ಚೆನ್ನಾಗೇ ಕಾಣುತ್ತೆ." ಹುಡುಗಿ ಪಾಪ, ಅಳಿಸಿ ಬರೆಯುತ್ತೇನೆ ಎಂದಳು. ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನರ್ಸ್ ಬರೆದರು: "ಅಳಿಸಬೇಡ. ಅವನು ಸುಳ್ಳು ಹೇಳ್ತಿದ್ದಾನೆ, ಅಲ್ವಾ?" ಆರನೇ ಅಧ್ಯಾಯ ಅಲ್ಲಿಂದಲೇ ಎದ್ದು ನಿಂತಿತು. ಹುಡುಗಿಯ ತಪ್ಪು ನಮ್ಮ ಮುಖ್ಯ ಸುಳಿವಾಯಿತು.

ಹೆಣದ ಪ್ರಶ್ನೆಗೂ ಉತ್ತರ ಕೊಟ್ಟವರು ನರ್ಸೇ. ಹೆಣ ಗಟ್ಟಿಯಾಗುವ ಸೆಡೆತ ಸಾಮಾನ್ಯವಾಗಿ ಸತ್ತ 2ರಿಂದ 4 ಗಂಟೆಯೊಳಗೆ ಶುರು, ರೆಪ್ಪೆ, ದವಡೆ, ಕತ್ತಿನಲ್ಲಿ ಮೊದಲು ಕಾಣುತ್ತದೆ, ಸುಮಾರು 12 ಗಂಟೆ ಹೊತ್ತಿಗೆ ಮೈಯೆಲ್ಲ ಹಿಡಿಯುತ್ತದೆ, ಸೆಕೆಯಲ್ಲಿ ಬೇಗ, ಚಳಿಯಲ್ಲಿ ನಿಧಾನ. ಗುಂಪಿನಲ್ಲಿ ಯಾರಿಗೆ ಯಾವ ಕಸುಬು ಗೊತ್ತು ಎಂದು ಮೊದಲೇ ಕೇಳಿಕೊಂಡಿರಿ. ಆದರೆ ಅವರು ಕಂಡ ರೋಗಿಗಳ ಕತೆ ಕೆದಕಬೇಡಿ. ನಾನೊಮ್ಮೆ ಕೇಳಿ "ಅದು ನಿಮಗೆ ಬೇಡ" ಎನ್ನಿಸಿಕೊಂಡಿದ್ದೇನೆ.

ಇನ್ನು ಗುಟ್ಟು ಒಡೆಯುವ ವಿಷಯ. ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರ್ಯಾಪ್' ನಾಟಕ 1952ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. ಆಟ ಮುಗಿದ ಮೇಲೆ, ಕೊಲೆಗಾರ ಯಾರೆಂದು ಹೊರಗೆ ಹೇಳಬೇಡಿ ಎಂದು ನೋಡುಗರನ್ನು ಕೇಳಿಕೊಳ್ಳುವ ರೂಢಿ ಅದರದ್ದು. ನಾಟಕ ನೋಡಿದವರು ಮನೆಗೆ ಹೋಗುತ್ತಾರೆ. ನಮ್ಮ ಕೈಯಲ್ಲಿ ಫೋನ್ ಇರುತ್ತದೆ. ನಾನು ಒಂದು ಪುಸ್ತಕ ಮುಗಿಸಿದ ಖುಷಿಗೆ "ಗುಟ್ಟು ಇದೆ, ಓದದವರು ನೋಡಬೇಡಿ" ಎಂದು ಹಾಕಿ, ಹದಿನೈದು ಚುಕ್ಕಿ ಸಾಲು ಇಳಿಸಿ, ಕೊಲೆಗಾರನ ಹೆಸರು ಬರೆದೆ. ಮುಂದಿನ ಮೆಸೇಜಿನಲ್ಲಿ, ಯಾವ ಚುಕ್ಕಿಯೂ ಇಲ್ಲದೆ, "ಅವನ ಮೇಲೆ ನನಗೆ ಅನುಮಾನವೇ ಬರಲಿಲ್ಲ" ಎಂದು ಸೇರಿಸಿದೆ. ಯಾರ ಮೇಲೆ ಎಂದು ಊಹಿಸಲು ಇವರಿಗೆ ಎಷ್ಟು ಹೊತ್ತು ಬೇಕು? ಕತೆಯಲ್ಲಿ ಗಂಡಸು ಇದ್ದವನೇ ಒಬ್ಬ. ಟೆಲಿಗ್ರಾಂ, ಡಿಸ್ಕಾರ್ಡ್‌ನಲ್ಲಿ ಎರಡೆರಡು ನಿಂತ ಗೆರೆಗಳ (||) ನಡುವೆ ಬರೆದರೆ ಮುಟ್ಟುವವರೆಗೆ ಮುಚ್ಚಿರುತ್ತದೆ, ಅದನ್ನು ಬಳಸಿ. ಅದಕ್ಕಿಂತ ಒಳ್ಳೆಯದು, ಪುಸ್ತಕ ಮುಗಿಸಿದವರಿಗೇ ಬೇರೆ ಗುಂಪು.

ಗೆಳೆಯರ ಅಧ್ಯಾಯಕ್ಕೆ ಬರೀ ಹೆಬ್ಬೆರಳು ಎತ್ತಿ ಸುಮ್ಮನಾಗಬೇಡಿ. "ಚೆನ್ನಾಗಿದೆ" ಎಂಬ ಮಾತಿನಿಂದ ಬರೆದವರಿಗೆ ಏನೂ ಸಿಗಲ್ಲ. ಓದುತ್ತಾ ಓದುತ್ತಾ ಯಾರ ಮೇಲೆ, ಯಾವ ಸಾಲಿನಲ್ಲಿ ಅನುಮಾನ ಬಂತು ಎಂದು ಗುರುತು ಹಾಕಿ, ಅದನ್ನು ಬರೆದವರಿಗೆ ಮಾತ್ರ ಕಳಿಸಿ. ತಪ್ಪು ಊಹೆಯನ್ನೂ ಕಳಿಸಿ, ನೀವು ಮೋಸಹೋದದ್ದು ಅವರಿಗೆ ಹಬ್ಬ.

ಪತ್ರಿಕೆಯಲ್ಲಿ ಬಂದ ನಿಜವಾದ ಕೊಲೆಗಳ ಮೇಲೆ ಪತ್ತೇದಾರಿಕೆ ನಮ್ಮಲ್ಲಿ ಇಲ್ಲ. ಅದು ಯಾರದೋ ಮನೆಯ ಸಾವು. ದಿನಾ ತಮ್ಮದೇ ಪುಸ್ತಕದ ಕೊಂಡಿ ಹಾಕುವವರಿಗೂ ಜಾಗವಿಲ್ಲ.

ಯಾರಾದರೂ ಸರದಿ ಬಂದಾಗ ನಾಪತ್ತೆಯಾದರೆ? ಏಳನೇ ಅಧ್ಯಾಯದ ಹೊತ್ತಿಗೆ ಲೆಕ್ಕದವರು ಮಾಯವಾದರು. ಗುಂಪಿನಲ್ಲಿ ಹೆಸರು ಹಿಡಿದು ಕೂಗಬೇಡಿ. ಒಬ್ಬರೇ ಒಬ್ಬರು, ಅವರಿಗಷ್ಟೇ, "ಹೇಗಿದ್ದೀರಿ?" ಎಂದು ಕೇಳಿ. ಅಧ್ಯಾಯದ ಸುದ್ದಿ ಎತ್ತಬೇಡಿ. ಮೇಷ್ಟ್ರು ಹಾಗೆ ಕೇಳಿದರು, ಉತ್ತರ ಬರಲಿಲ್ಲ. ಅವರ ಸರದಿ ನಾನು ಬರೆದೆ. ಮೂರು ವಾರದ ಮೇಲೆ ರಾತ್ರಿ ಒಂದೇ ಸಾಲು ಬಂತು: "ಅಮ್ಮನಿಗೆ ಹುಷಾರಿರಲಿಲ್ಲ, ಈಗ ಪರವಾಗಿಲ್ಲ. ಗಡಿಯಾರದವನು ಬಾಯಿ ಬಿಟ್ಟನಾ?" ರಾಡಿ ತೊಳೆಯುವ ಕೊನೆಯ ಅಧ್ಯಾಯ ಅವರಿಗೇ ಕೊಟ್ಟೆವು.

ಅದು ಮುಗಿದ ರಾತ್ರಿ ವಿಡಿಯೋ ಕಾಲ್‌ನಲ್ಲಿ ಕೂತೆವು. ಗುಟ್ಟು ಕಾದವರು ಒಂದೊಂದೇ ಮೇಲ್ ತೆರೆದು ಜೋರಾಗಿ ಓದಿದರು. ನಾಲ್ಕು ಬೇರೆ ಬೇರೆ ಕೊಲೆಗಾರರು ಹೊರಬಂದರು. ನಾನು ಮೊದಲಿಂದ ಕೊನೆಯವರೆಗೆ ನಂಬಿಕೊಂಡಿದ್ದ ಕೊಲೆಗಾರನನ್ನು ಮೇಷ್ಟ್ರು ಎಂಟನೇ ಅಧ್ಯಾಯದಲ್ಲಿ ಸಾಯಿಸಿಬಿಟ್ಟಿದ್ದರು.

"ಮೇಷ್ಟ್ರೇ, ನಿಮಗೆ ಮೊದಲೇ ಗೊತ್ತಿತ್ತಾ?" ಎಂದೆ.

"ಎಲ್ಲಿಂದ ಗೊತ್ತಾಗಬೇಕು? ಗೊತ್ತಿದ್ದರೆ ನಾಲ್ಕರಲ್ಲೇ ಸಾಯಿಸುತ್ತಿದ್ದೆ. ಆ ಸುಟ್ಟ ಕಾಗದದ ಬಡ್ಡಿ ಇನ್ನೂ ಬಾಕಿ ಇದೆಯಲ್ಲ."