ನಷ್ಟದಲ್ಲಿರುವ ಗಣಿ ಕಂಪನಿಯ ಆಡಳಿತವನ್ನು ನಂಬಬಹುದೇ? ಹೀಗೆ ನೋಡಿ

ಗಣಿ ಕಂಪನಿ ನಷ್ಟಕ್ಕೆ ಬಿದ್ದರೆ ಸಣ್ಣ ಷೇರುದಾರರು ಸಿಟ್ಟಿನಲ್ಲಿ ಮಾರುತ್ತಾರೆ, ಇಲ್ಲವೇ ಸುಮ್ನೆ ಕಾಯುತ್ತಾರೆ. ಅದಕ್ಕೂ ಮೊದಲು, ಆಡಳಿತ ಹೇಳಿದ್ದನ್ನೂ ಆಗಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಬೆಂಗಳೂರಿನ ಕೆಐಒಸಿಎಲ್, ಅಂದರೆ ನಮ್ಮ ಹಳೆಯ ಕುದುರೆಮುಖ ಕಂಪನಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

1. ಯಜಮಾನ ಯಾರು?
ಷೇರುಪೇಟೆಯ ಜಾಲತಾಣದಲ್ಲಿ ಮೂರು ತಿಂಗಳಿಗೊಮ್ಮೆ ಷೇರುದಾರರ ವಿವರ ಬರುತ್ತದೆ. ಕೆಐಒಸಿಎಲ್‌ನ ಸುಮಾರು ಶೇ 99ರಷ್ಟು ಷೇರು ಕೇಂದ್ರ ಸರ್ಕಾರದ್ದು. ಅಧ್ಯಕ್ಷರನ್ನು ನೇಮಿಸುವುದೂ ಸರ್ಕಾರವೇ. ಹಾಗಾಗಿ ನಿಮ್ಮ ಮತದಿಂದ ಯಾರನ್ನೂ ಇಳಿಸಲು ಆಗದು. ಕೇಳುವ ಹಕ್ಕು ಮಾತ್ರ ನಿಮ್ಮದೇ.

2. ಅದಿರು ಎಲ್ಲಿಂದ ಬರುತ್ತದೆ?
ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. ಸುಪ್ರೀಂ ಕೋರ್ಟ್ ಆದೇಶದಂತೆ ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಆಮೇಲೆ ಕಂಪನಿ ಹೊರಗಿನಿಂದ ಕಬ್ಬಿಣದ ಅದಿರು ಕೊಂಡು, ಮಂಗಳೂರಿನಲ್ಲಿ ಪೆಲೆಟ್ (ಅದಿರಿನ ಪುಡಿಯಿಂದ ಮಾಡುವ ಸಣ್ಣ ಉಂಡೆ) ಮಾಡಿ ಮಾರುತ್ತಿದೆ. ವರ್ಷಕ್ಕೆ 35 ಲಕ್ಷ ಟನ್ ತಯಾರಿಸಬಲ್ಲ ಘಟಕ ಅದು. ಸ್ವಂತ ಅದಿರಿಲ್ಲದಿದ್ದರೆ ಕೊಳ್ಳುವ ದರ, ಮಾರುವ ದರ ಎರಡೂ ಬೇರೆಯವರ ಕೈಯಲ್ಲಿ.

ಇದಕ್ಕೆ ಪರಿಹಾರ ಎಂದು ಕಂಪನಿ ತೋರಿಸುತ್ತಿರುವುದು ಸಂಡೂರಿನ ದೇವದಾರಿ ಗಣಿ. ಅದು ಕಾಡಿನ ಜಾಗ. 2024ರ ಜೂನ್‌ನಲ್ಲಿ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ, ಆ ಅರಣ್ಯಭೂಮಿಯನ್ನು ಹಸ್ತಾಂತರಿಸಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಬಳ್ಳಾರಿ ಸೀಮೆ ಗಣಿಯಿಂದ ಎಷ್ಟು ನೊಂದಿದೆ ಎಂದು ನಮಗೆಲ್ಲ ಗೊತ್ತಲ್ವಾ? ಅಲ್ಲಿನ ವಿರೋಧವನ್ನು 'ಸಣ್ಣ ವಿಳಂಬ' ಎಂದು ತಿಳಿದ ಷೇರುದಾರ ಲೆಕ್ಕ ತಪ್ಪುತ್ತಾನೆ. ಮೂರು ವರ್ಷದ ವಾರ್ಷಿಕ ವರದಿ ತೆಗೆದು, ದೇವದಾರಿ ಬಗ್ಗೆ ಬರೆದ ಭಾಗವನ್ನಷ್ಟೇ ಓದಿ. ಗಡುವು ಮುಂದೆ ಹೋಗಿದ್ದರೆ ಕಾರಣ ಕೊಟ್ಟಿದ್ದಾರಾ? ಕಾಡು ಸಿಗದಿದ್ದರೆ ಏನು ಮಾಡುತ್ತೇವೆ ಎಂದು ಹೇಳಿದ್ದಾರಾ?

3. ನಷ್ಟದಲ್ಲಿ ಯಾರ ಪಾಲೆಷ್ಟು?
2021–22ರಲ್ಲಿ ಕಂಪನಿಗೆ 300 ಕೋಟಿ ರೂಪಾಯಿಗೂ ಜಾಸ್ತಿ ಲಾಭ ಬಂದಿತ್ತು. ಮರುವರ್ಷ 90 ಕೋಟಿಗೂ ಮೀರಿದ ನಷ್ಟ. 2022ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪೆಲೆಟ್ ರಫ್ತಿಗೆ ಶೇ 45ರಷ್ಟು ಸುಂಕ ಹಾಕಿತ್ತು. ಆ ಹೊಡೆತಕ್ಕೆ ಆಡಳಿತವನ್ನು ದೂರುವುದು ನ್ಯಾಯವಲ್ಲ. ಆದರೆ ನವೆಂಬರ್‌ನಲ್ಲಿ ಸುಂಕ ಹೋಯಿತು. 2023–24ರಲ್ಲೂ ನಷ್ಟ ನಿಲ್ಲಲಿಲ್ಲ. ಆಡಳಿತವನ್ನು ಗಟ್ಟಿಯಾಗಿ ಪ್ರಶ್ನಿಸಬೇಕಾದದ್ದು ಈ ಎರಡನೇ ವರ್ಷದ ಬಗ್ಗೆ.

4. ಸ್ವತಂತ್ರ ನಿರ್ದೇಶಕರು ಇದ್ದಾರಾ?
ಕಂಪನಿಯ ಜೊತೆ ಬೇರೆ ನಂಟಿಲ್ಲದ, ಆಡಳಿತದ ಮೇಲೆ ಕಣ್ಣಿಡಬೇಕಾದ ಮಂಡಳಿ ಸದಸ್ಯರು ಇವರು. ವಾರ್ಷಿಕ ವರದಿಯ ಕಾರ್ಪೊರೇಟ್ ಆಡಳಿತದ ಭಾಗದಲ್ಲಿ ಇಂಥ ಖಾಲಿ ಹುದ್ದೆಗಳ ಲೆಕ್ಕ ಸಿಗುತ್ತದೆ. ಆಡಿಟರ್ ಟಿಪ್ಪಣಿಯನ್ನೂ ಬಿಡಬೇಡಿ.

5. ವಾರ್ಷಿಕ ಸಭೆಯಲ್ಲಿ ಕೇಳಿ
ಸಭೆಗೆ ಕನಿಷ್ಠ 21 ದಿನ ಮೊದಲು ನೋಟಿಸ್ ಬರಬೇಕು. ಆನ್‌ಲೈನ್ ಸಭೆಯಾದರೆ ಮಾತನಾಡಲು ಹೆಸರು ನೋಂದಾಯಿಸುವ ಕೊನೆಯ ದಿನ ಅದರಲ್ಲೇ ಇರುತ್ತದೆ. ಅದನ್ನು ತಪ್ಪಿಸಿಕೊಂಡರೆ ಅವಕಾಶ ಹೋಯಿತು. 'ಕಂಪನಿ ಯಾವಾಗ ಉದ್ಧಾರವಾಗುತ್ತದೆ' ಎಂದು ಕೇಳಿದರೆ ಭಾಷಣವೇ ಉತ್ತರ. 'ಕಳೆದ ವರ್ಷ ಘಟಕ ಎಷ್ಟು ದಿನ ನಿಂತಿತ್ತು? ಒಂದು ಟನ್ ಪೆಲೆಟ್‌ಗೆ ಅದಿರಿನ ಖರ್ಚೆಷ್ಟು?' ಎಂದು ಕೇಳಿ. ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ಕಂಪನಿ ಸೆಕ್ರೆಟರಿಗೆ ಇಮೇಲ್ ಮಾಡಿ, ಪ್ರತಿ ಇಟ್ಟುಕೊಳ್ಳಿ. ಮುಂದಿನ ವರ್ಷದ ಸಭೆಯಲ್ಲಿ ಅದನ್ನೇ ಓದಿ ಹೇಳಬಹುದು.