ನೆಟ್ ಜೊತೆ ಟಿವಿ ಪ್ಯಾಕ್ ತಗೊಳ್ಳೋ ಮುಂಚೆ ಅಮ್ಮನ ರಿಮೋಟ್ ನೋಡಿ

ಕಳೆದ ವರ್ಷ ದಾವಣಗೆರೆ ಮನೆಗೆ ಫೈಬರ್ ನೆಟ್ ಹಾಕ್ಸಿದೆ, ನಾನು ಬೆಂಗಳೂರಲ್ಲಿ ಕೂತ್ಕೊಂಡು ಫೋನಲ್ಲೇ ಬುಕ್ ಮಾಡಿದ್ದು. ನೆಟ್ಟು ಟಿವಿ ಎರಡೂ ಸೇರಿ ಒಂದೇ ಬಿಲ್ ಸಾರ್ ಅಂದ್ರು, ನಾನೂ ಖುಷಿಯಾಗಿ ಹಳೇ ಡಿಶ್ ರೀಚಾರ್ಜ್ ನಿಲ್ಲಿಸ್ಬಿಟ್ಟೆ. ಅವತ್ತು ಸಂಜೆನೇ ಅಮ್ಮನ ಫೋನು, "ಏನೋ ಇದು, ಇದ್ರಾಗೆ ಉದಯಾನೇ ಇಲ್ಲಲ್ಲೋ, ಬರೀ ಫೋಟೋ ಫೋಟೋ ಬರ್ತಾವೆ" ಅಂತ. ಫೋಟೋ ಅಂದ್ರೆ ಆಪ್‌ಗಳ ಐಕಾನು. ಅಲ್ಲಿಗೆ ನಂಗೆ ಗೊತ್ತಾಯ್ತು, ನಾನು ಕೇಳಬೇಕಾಗಿದ್ದ ಪ್ರಶ್ನೆನೇ ಕೇಳಿರ್ಲಿಲ್ಲ ಅಂತ.

ಸೇಲ್ಸ್‌ನವರು "ಟಿವಿ ಫ್ರೀ" ಅಂದಾಗ ಅದಕ್ಕೆ ಎರಡು ಮೂರು ಅರ್ಥ ಇರತ್ತೆ. ಒಂದು, ನಿಜವಾದ ಚಾನೆಲ್‌ಗಳು, ನಂಬರ್ ಒತ್ತಿದ್ರೆ ಬರೋವು, ಅದು ಛತ್ರಿ ಮೇಲೆ, ಅಂದ್ರೆ ಡಿಶ್ಶಲ್ಲಿ ಬರೋ ಡಿಟಿಎಚ್ ಆಗಿರಬಹುದು ಅಥವಾ ಫೈಬರಲ್ಲೇ ಬರೋ ಐಪಿಟಿವಿ ಆಗಿರಬಹುದು. ಏರ್‌ಟೆಲ್ ಬ್ಲ್ಯಾಕ್ ಅಂತ ಇದ್ಯಲ್ಲ, ಅದ್ರಲ್ಲಿ ಫೈಬರ್ ಮತ್ತೆ ಡಿಟಿಎಚ್ ಒಂದೇ ಬಿಲ್ಲಲ್ಲಿ ಬರತ್ತೆ, 2025ರಿಂದ ಅವರದ್ದೇ ಐಪಿಟಿವಿನೂ ಇದೆ. ಎರಡನೇದು ಬರೀ ಓಟಿಟಿ ಆಪ್‌ಗಳ (ನೆಟ್ಟಲ್ಲಿ ಸೀರಿಯಲ್ ಸಿನಿಮಾ ನೋಡೋ ಆಪ್‌ಗಳು) ಸಬ್‌ಸ್ಕ್ರಿಪ್ಷನ್, ಚಾನೆಲ್ ಗೀನಲ್ ಏನೂ ಇಲ್ಲ. ಮೂರನೇದು ಬಾಕ್ಸ್ ಕೊಡ್ತಾರೆ, ಅದ್ರೊಳಗೆ ಲೈವ್ ಟಿವಿ ಆಪ್ ಒಂದಿರತ್ತೆ, ಅದನ್ನ ತೆಗೆದು, ಲಾಗಿನ್ ಆಗಿ, ಹುಡುಕಿ ನೋಡ್ಬೇಕು. ನಮಗೆ ಇದೇನೂ ಕಷ್ಟ ಅಲ್ಲ, 68 ವರ್ಷದವರಿಗೆ ದಿನಾ ಸಂಜೆ ಇದೇ ಸರ್ಕಸ್ಸು. ಅದಕ್ಕೇ ಫೋನಲ್ಲಿ ನೇರವಾಗಿ ಕೇಳಿ, "ರಿಮೋಟಲ್ಲಿ ನಂಬರ್ ಒತ್ತಿದ್ರೆ ಚಾನೆಲ್ ಬರತ್ತಾ?" ಅಂತ. ಆ ಕಡೆಯಿಂದ ತಡವರಿಸಿದ್ರು ಅಂದ್ರೆ ಬರಲ್ಲ ಅಂತ್ಲೇ ತಿಳ್ಕೊಳ್ಳಿ.

ಪ್ಲಾನ್ ಹುಡುಕೋಕೆ ಮುಂಚೆ ಮನೇಲಿ ಒಂದು ವಾರ ಯಾರ್ ಯಾರು ಏನೇನು ನೋಡ್ತಾರೆ ಅಂತ ಒಂದು ಚೀಟಿಲಿ ಬರ್ಕೊಳ್ಳಿ. ತಮಾಷೆಗೆ ಹೇಳ್ತಿಲ್ಲ, ಅರ್ಧ ಕೆಲಸ ಅಲ್ಲೇ ಮುಗಿಯತ್ತೆ. ಕನ್ನಡ ಸೀರಿಯಲ್‌ಗಳು ಒಂದೇ ಆಪಲ್ಲಿ ಸಿಗಲ್ಲ: ಜೀ ಕನ್ನಡದ್ದು ಜೀ5ರಲ್ಲಿ, ಕಲರ್ಸ್ ಕನ್ನಡ ಮತ್ತೆ ಸ್ಟಾರ್ ಸುವರ್ಣದ್ದು ಜಿಯೋಹಾಟ್‌ಸ್ಟಾರಲ್ಲಿ (2025ರ ಫೆಬ್ರವರಿಲಿ ಜಿಯೋಸಿನಿಮಾ ಹಾಟ್‌ಸ್ಟಾರ್ ಎರಡೂ ಒಂದಾದ್ಮೇಲೆ), ಉದಯ ಟಿವಿದು ಸನ್ ನೆಕ್ಸ್ಟಲ್ಲಿ. "22 ಓಟಿಟಿ ಫ್ರೀ" ಅಂತ ದೊಡ್ಡದಾಗಿ ಹಾಕಿರ್ತಾರೆ, ಅದ್ರಲ್ಲಿ ಈ ಮೂರು ಇದ್ಯಾ ಅಂತ ನೋಡಿ ಸಾಕು, ಉಳಿದ ಹತ್ತೊಂಬತ್ತರ ಹೆಸರು ನಾನಂತೂ ಇನ್ನೂ ಕೇಳಿಲ್ಲ. ಅಪ್ಪನಿಗೆ ಕ್ರಿಕೆಟ್ ಬೇಕಿದ್ರೆ ಸ್ಟಾರ್ ಸ್ಪೋರ್ಟ್ಸ್ ಕನ್ನಡ ಪ್ಯಾಕಲ್ಲಿದ್ಯಾ ಅಂತಾನೂ ಕೇಳಿ. ಆಪಲ್ಲೂ ಮ್ಯಾಚ್ ಬರತ್ತೆ ನಿಜ, ಆದ್ರೆ ಸ್ವಲ್ಪ ಲೇಟಾಗಿ ಬರತ್ತೆ, ಪಕ್ಕದ ಮನೆಯವರು ಹೋ ಅಂತ ಕೂಗಿ ಆದ್ಮೇಲೆ ನಮ್ಮನೇಲಿ ಬೌಲರ್ ಓಡೋಕೆ ಶುರು ಮಾಡ್ತಾನೆ, ಅಪ್ಪನಿಗೆ ಅದು ಸಹಿಸೋಕೇ ಆಗಲ್ಲ.

ಆಪ್ ಇದೆ ಅಂದ್ರೂ ಯಾವ ಲೆವೆಲ್ಲಿಂದು ಅಂತ ಕೇಳಿ. ಕೆಲವು ಸಬ್‌ಸ್ಕ್ರಿಪ್ಷನ್ ಬರೀ ಮೊಬೈಲಿಗೆ, ಟಿವಿಲಿ ಓಡಲ್ಲ. ನೆಟ್‌ಫ್ಲಿಕ್ಸ್ ಫ್ರೀ ಅಂದ್ರೆ ಸಾಮಾನ್ಯವಾಗಿ ಬೇಸಿಕ್, ಅಂದ್ರೆ ಒಂದ್ಸಲಕ್ಕೆ ಒಂದೇ ಸ್ಕ್ರೀನು, ಕ್ವಾಲಿಟಿ 720ಪಿ. 55 ಇಂಚು ಫೋರ್‌ಕೆ ಟಿವಿ ತಂದಿಟ್ಟು ಅದ್ರಲ್ಲಿ ಬೇಸಿಕ್ ನೋಡ್ತಿರೋರು ತುಂಬಾ ಜನ ಇದಾರೆ. ಚಾನೆಲ್ ಪ್ಯಾಕಲ್ಲೂ ಇದೇ ಕಥೆ, 350 ಚಾನೆಲ್ ಅಂತಾರೆ, ಅದ್ರಲ್ಲಿ ಕನ್ನಡದ್ದು ಎಷ್ಟು, ಎಚ್‌ಡಿ ಎಷ್ಟು ಅಂತ ಲಿಸ್ಟ್ ವಾಟ್ಸಾಪಲ್ಲಿ ಕಳಿಸೋಕೆ ಹೇಳಿ. ಮನೇಲಿ ಎರಡು ಟಿವಿ ಇದ್ರೆ ಎರಡನೇ ಬಾಕ್ಸಿಗೆ ಎಷ್ಟು ಅಂತಾನೂ ಈಗ್ಲೇ ಕೇಳ್ಕೊಳ್ಳಿ.

ಈಗ ದುಡ್ಡಿನ ಲೆಕ್ಕ. ಜಾಹೀರಾತಲ್ಲಿ ಇರೋ ರೇಟಿಗೆ ಸಾಮಾನ್ಯವಾಗಿ ಜಿಎಸ್‌ಟಿ ಸೇರಿರಲ್ಲ, ಅದು 18 ಪರ್ಸೆಂಟು. 999 ಅಂದ್ರೆ ಕೈಯಿಂದ ಹೋಗೋದು ಸುಮಾರು 1,179. ಒಂದು ಲೆಕ್ಕ ಹಾಕೋಣ: ಬರೀ ನೆಟ್ಟು 499 ಅಂದ್ಕೊಳ್ಳಿ, ಟ್ಯಾಕ್ಸ್ ಸೇರಿ 589, ಊರಿನ ಕೇಬಲ್‌ನವನಿಗೆ ತಿಂಗಳಿಗೆ 300 ಕೊಡ್ತಿದ್ರೆ ಒಟ್ಟು 889. ಟಿವಿ ಸೇರಿ ಬಂಡಲ್ 699 ಅಂದ್ರೆ ಟ್ಯಾಕ್ಸ್ ಸೇರಿ 825, ಉಳಿತಾಯ 64 ರೂಪಾಯಿ. ಬಂಡಲಲ್ಲಿ ಅಮ್ಮನ ಒಂದು ಚಾನೆಲ್ ಇಲ್ಲ ಅಂತ ಮತ್ತೆ ಕೇಬಲ್ ಹಾಕ್ಸಿದ್ರೆ ಆ 64 ಹೋಗಿ ಮೇಲೆ ಇನ್ನೂ 236 ಕೈಯಿಂದ ಬೀಳತ್ತೆ. ನನ್ ಕಥೆನೂ ಹೆಚ್ಚು ಕಮ್ಮಿ ಹಿಂಗೇ ಆಗಿದ್ದು. ಇನ್ನೊಂದು, ಕೇಬಲ್ ಡಿಟಿಎಚ್‌ಗೆ ಮೊದಲು ನೆಟ್‌ವರ್ಕ್ ಫೀ (ಚಾನೆಲ್ ದುಡ್ಡು ಬಿಟ್ಟು ಬರೀ ಕನೆಕ್ಷನ್ನಿಗೆ ಕಟ್ಟೋದು) 200 ಚಾನೆಲ್ ತನಕ ತಿಂಗಳಿಗೆ ಟ್ಯಾಕ್ಸ್ ಬಿಟ್ಟು 130 ರೂಪಾಯಿ ದಾಟಬಾರದು ಅಂತ ಸರ್ಕಾರದ ನಿಯಂತ್ರಣ ಸಂಸ್ಥೆ ಟ್ರಾಯ್ ಮಿತಿ ಹಾಕಿತ್ತು, 2024ರಲ್ಲಿ ಆ ಮಿತಿ ತೆಗೆದ್ರು, ಅದಕ್ಕೇ ಹಳೇ ಲೆಕ್ಕ ಇಟ್ಕೊಂಡು ಹೋಲಿಸ್ಬೇಡಿ, ಈಗಿನ ಬಿಲ್ ತೆಗೆದು ನೋಡಿ. 6 ತಿಂಗಳು, ವರ್ಷದ ದುಡ್ಡು ಒಟ್ಟಿಗೆ ಕಟ್ಟಿದ್ರೆ ಇನ್‌ಸ್ಟಾಲೇಶನ್ ಫ್ರೀ ಅಂತಾರೆ. ನಾನಾದ್ರೆ ಮೊದಲು ಒಂದೆರಡು ತಿಂಗಳು ತಿಂಗಳ ಲೆಕ್ಕದಲ್ಲಿ ಕಟ್ಟಿ, ಲೈನ್ ಹೆಂಗಿದೆ ನೋಡಿ, ಆಮೇಲೆ ಯೋಚನೆ ಮಾಡ್ತೀನಿ.

ಸ್ಪೀಡ್ ಬಗ್ಗೆ ಜನ ಸುಮ್ನೆ ತಲೆ ಕೆಡಿಸ್ಕೊಳ್ತಾರೆ. ಫುಲ್ ಎಚ್‌ಡಿ ಸಿನಿಮಾಗೆ 5 ಎಂಬಿಪಿಎಸ್ (ನೆಟ್ ಸ್ಪೀಡಿನ ಅಳತೆ), ಫೋರ್‌ಕೆಗೆ 15 ಇದ್ರೆ ಸಾಕು ಅಂತ ನೆಟ್‌ಫ್ಲಿಕ್ಸ್‌ನವರೇ ಹೇಳ್ತಾರೆ. ನಾಲ್ಕು ಜನರ ಮನೆಗೆ 50 ಆರಾಮಾಗಿ ಸಾಕು, ವರ್ಕ್ ಫ್ರಂ ಹೋಮ್ ಇಬ್ಬರಿದ್ರೆ 100 ತಗೊಳ್ಳಿ. ರೂಟರ್ (ವೈಫೈ ಕೊಡೋ ಡಬ್ಬ) ಮಾತ್ರ 5 ಗಿಗಾಹರ್ಟ್ಸ್ ಇರೋ ಡ್ಯುಯಲ್ ಬ್ಯಾಂಡೇ ಕೇಳಿ, ಟಿವಿ ಬಾಕ್ಸ್ ಹತ್ರಾನೇ ಇದ್ರೆ ಲ್ಯಾನ್ ಕೇಬಲ್ ಚುಚ್ಚಿಬಿಡಿ, ವೈಫೈ ತಲೆನೋವೇ ಇರಲ್ಲ.

ಫೈಬರ್ ಅಂತ ಹೇಳಿ ಏರ್‌ಫೈಬರ್ ಮಾರ್ತಾರೆ, ಇದು ಗಮನಿಸಿ. ಅದು ಟೆರೇಸ್ ಮೇಲೆ ಒಂದು ಡಬ್ಬ ಇಟ್ಟು 5ಜಿ ಟವರಿಂದ ತಗೊಳ್ಳೋ ನೆಟ್ಟು. ತೋಟದ ಮನೆ, ಕೇಬಲ್ ಎಳೆಯೋಕಾಗದ ಜಾಗಕ್ಕೆ ಒಳ್ಳೇದೇ, ಆದ್ರೆ ಜಿಯೋದ್ರಲ್ಲಿ ಡೇಟಾ ತಿಂಗಳಿಗೆ 1 ಟಿಬಿ (ಸುಮಾರು ಸಾವಿರ ಜಿಬಿ), ಫೈಬರಲ್ಲಿ ಅನ್‌ಲಿಮಿಟೆಡ್ ಅಂದ್ರೂ 3.3 ಟಿಬಿ ತನಕ ಇರತ್ತೆ. ಎಚ್‌ಡಿ ವಿಡಿಯೋ ಗಂಟೆಗೆ ಸುಮಾರು 3 ಜಿಬಿ ತಿನ್ನತ್ತೆ, ಬೆಳಗ್ಗೆ ಸುಪ್ರಭಾತದಿಂದ ರಾತ್ರಿ ನ್ಯೂಸ್ ತನಕ ಟಿವಿ ಆನ್ ಇರೋ ಮನೇಲಿ ಅದೂ ನೆಟ್ಟಲ್ಲೇ ಓಡ್ತಿದ್ರೆ, ತಿಂಗಳ ಕೊನೇಲಿ 1 ಟಿಬಿ ಸಾಕಾಗಲ್ಲ.

ಮತ್ತೆ ಕರೆಂಟು. ಛತ್ರಿ ಡಿಟಿಎಚ್ಚಿಗೆ ಟಿವಿ ಬಾಕ್ಸು ಎರಡಕ್ಕೆ ಯುಪಿಎಸ್ ಇದ್ರೆ ಆಯ್ತು, ಐಪಿಟಿವಿಗೆ ರೂಟರೂ ಆನ್ ಇರ್ಬೇಕು. ರೂಟರಿಗೆ ಅಂತ್ಲೇ 12 ವೋಲ್ಟಿನ ಸಣ್ಣ ಯುಪಿಎಸ್ ಸಿಗತ್ತೆ, ಅಡಾಪ್ಟರ್ ಮೇಲೆ ಬರೆದಿರೋ ವೋಲ್ಟು ಆಂಪಿಯರ್ ನೋಡ್ಕೊಂಡು ತನ್ನಿ. ಇನ್ನು ರಸ್ತೆ ಅಗೆದು ಫೈಬರ್ ತುಂಡಾದ್ರೆ ನೆಟ್ಟೂ ಹೋಯ್ತು ಟಿವಿನೂ ಹೋಯ್ತು, ಫೈಬರಲ್ಲೇ ಟಿವಿ ಬರೋ ಬಂಡಲಿನ ಅಸಲಿ ಮೈನಸ್ ಇದು. ಅದಕ್ಕೆ ಕಂಪನಿ ಹೆಸರಿಗಿಂತ ನಿಮ್ಮ ಏರಿಯಾಲಿ ಜೋಡ್ಸೋಕೆ ಯಾರು ಬರ್ತಾರೆ, ಎಷ್ಟೊತ್ತಿಗೆ ಬರ್ತಾರೆ ಅಂತ ಅಕ್ಕಪಕ್ಕದವರನ್ನ ಕೇಳಿ. ಬಿಎಸ್‌ಎನ್‌ಎಲ್ ಫೈಬರನ್ನ ಸುಮಾರು ಊರಲ್ಲಿ ಲೋಕಲ್ ಪಾರ್ಟ್‌ನರ್‌ಗಳೇ ನೋಡ್ಕೊಳ್ಳೋದು, ಆ ಹುಡುಗ ಒಳ್ಳೆಯವನಿದ್ರೆ ಅದಕ್ಕಿಂತ ಒಳ್ಳೆ ಲೈನ್ ಇಲ್ಲ, ಫೋನ್ ಎತ್ತದವನಿದ್ರೆ ದೇವರೇ ಗತಿ.

ಬುಕ್ ಮಾಡುವಾಗ ಪ್ಲಾನ್ ಪೇಜಿನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ಬಾಕ್ಸು ರೂಟರಿಗೆ ಕಟ್ಟಿದ ಡೆಪಾಸಿಟ್ಟಿಗೆ ರಸೀದಿ ಇರಲಿ. ಕನೆಕ್ಷನ್ ಬಿಡುವಾಗ ಸಾಮಾನು ವಾಪಸ್ ಕೊಟ್ಟಿದ್ದಕ್ಕೂ ಮೆಸೇಜ್ ಬರೋ ತನಕ ತಗೊಂಡೋಗೋಕೆ ಬಂದ ಹುಡುಗನ್ನ ಗೇಟಿಂದ ಆಚೆ ಬಿಡ್ಬೇಡಿ. ನಾನು ಬಿಟ್ಟಿದ್ದೆ, ಬಾಕ್ಸ್ ಬಂದಿಲ್ಲ ಅಂತ ಎರಡು ತಿಂಗಳು ಫೋನ್ ಮಾಡಿದ್ರು, ಕೊನೆಗೆ 1915 ಗ್ರಾಹಕರ ಸಹಾಯವಾಣಿಗೆ ಕಂಪ್ಲೇಂಟ್ ಕೊಟ್ಟ ಮೇಲೇ ಡೆಪಾಸಿಟ್ ವಾಪಸ್ ಬಂದಿದ್ದು. ಈಗ ಊರಲ್ಲಿ ಬರೀ ನೆಟ್ಟಿನ ಚಿಕ್ಕ ಪ್ಲಾನು, ಪಕ್ಕದಲ್ಲಿ ಅದೇ ಹಳೇ ಛತ್ರಿ, ಅಮ್ಮನ ರಿಮೋಟಲ್ಲಿ ಉದಯದ ನಂಬರ್ ಒತ್ತಿ ಒತ್ತಿ ಅಳಿಸಿಹೋಗಿದೆ.